ಹಿಡಿದವಳು ಬರೆಯಬೇಕು

ಜನವರಿ 9

ತಮ್ಮಾ,

ನಾನು ಚೆನ್ನಾಗಿದ್ದೇನೆ, ಮೊಣಕಾಲು ಚೆನ್ನಾಗಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸಿದೆ. ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಆಸ್ಪತ್ರೆಗೆ ನಿಮ್ಮ ನಗರದಿಂದ ಒಂದು ಕೈ ಬಂದಿತ್ತು. ಬರೀ ಕೈ. ಮೊಣಕೈಯಿಂದ ಬೆರಳಿನವರೆಗೆ, ರಬ್ಬರಿನದು, ಮಗುವಿನ ಅಳತೆಯದು. ಪೆಟ್ಟಿಗೆಯೊಳಗೆ ಹತ್ತಿ ಹಾಸಿ ಮಲಗಿಸಿ ತಂದಿದ್ದರು. ನಮ್ಮ ವಾರ್ಡಿನ ಮಕ್ಕಳಿಗೆ ಅಂಥ ಹಾಸಿಗೆ ಇಲ್ಲ. ಅದರ ಹಿಂದೆಯೇ ಒಬ್ಬ ಡಾಕ್ಟರು ಬಂದರು. ಕೋಟಿಗೆ ಎಂಥ ಇಸ್ತ್ರಿ ಅಂತೀಯ, ಬಗ್ಗಿದರೆ ಮುರಿದೇ ಹೋದಾರು ಅನ್ನಿಸುತ್ತಿತ್ತು. ನಮ್ಮ ಹುಡುಗಿಯರು ಅರ್ಧ ಗಂಟೆಯಲ್ಲಿ ಇಸ್ತ್ರಿ ಡಾಕ್ಟರು ಎಂದು ಹೆಸರಿಟ್ಟರು. ಅವರು ಆ ಕೈಗೆ ಕೆಂಪು ನೀರು ತುಂಬಿಸಿ ಸೂಜಿ ಚುಚ್ಚಿ ತೋರಿಸಿದರು. ನರ ಸಿಕ್ಕರೆ ಹಸಿರು ದೀಪ, ತಪ್ಪಿದರೆ ಕೆಂಪು ದೀಪ. "ನೋಡಿ ಸಿಸ್ಟರ್, ಈ ಕೈ ಅಳೋದಿಲ್ಲ, ಎಳ್ಕೊಳ್ಳೋದಿಲ್ಲ," ಅಂದರು. "ಅದೇ ಅದರ ದೋಷ ಸರ್," ಅಂದೆ. ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ವಿಷಯ ಇಷ್ಟು. ಈ ವರ್ಷ ಸೇರಿದ ನಲವತ್ತು ಹೊಸ ನರ್ಸ್‌ಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದಾರೆ. ಇಪ್ಪತ್ತು ಜನ ನಿಮ್ಮ ನಗರದ ದೊಡ್ಡ ಆಸ್ಪತ್ರೆಯಲ್ಲಿ ಆ ರಬ್ಬರ್ ಕೈ ಮೇಲೆ ಡ್ರಿಪ್ ಸೂಜಿ ಹಾಕುವುದನ್ನು ಕಲಿತು, ಅಲ್ಲೇ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಬೇಕು. ಉಳಿದ ಇಪ್ಪತ್ತು ಜನ ಇಲ್ಲಿ ನನ್ನ ಪಕ್ಕ ನಿಂತು, ಅಳುವ ಕೈ ಮೇಲೆ ಕಲಿಯಬೇಕು. ಒಂದೊಂದು ಮಗುವಿಗೂ ಎಷ್ಟು ಸಲ ಚುಚ್ಚಿದ ಮೇಲೆ ನರ ಸಿಕ್ಕಿತು ಎಂದು ಫಾರಂ ತುಂಬಬೇಕು. ಕಡಿಮೆ ಚುಚ್ಚಿದ ಗುಂಪು ಗೆದ್ದ ಹಾಗೆ. ರಬ್ಬರ್ ಗೆದ್ದರೆ ನನ್ನ ಕಲಿಕೆ ಕೋಣೆಗೆ ಬೀಗ ಬೀಳುತ್ತದೆ. ಇಪ್ಪತ್ತಾರು ವರ್ಷದ ಕೋಣೆ. ಬೇರೆ ಏನೂ ನಾನು ಈ ಜನ್ಮದಲ್ಲಿ ಕಟ್ಟಿಲ್ಲ, ನಿನಗೇ ಗೊತ್ತು.

ಫಾರಂಗಳ ಲೆಕ್ಕ ಹಾಕುವುದು ನಿನ್ನ ಕಚೇರಿಯಂತೆ. ಹಾಕು, ಚೆನ್ನಾಗಿ ಹಾಕು. ನನ್ನ ಇಪ್ಪತ್ತರಲ್ಲಿ ಒಬ್ಬಳಿದ್ದಾಳೆ, ಅವಳ ಹೆಸರೇ ಗಡಗಡ. ಸೂಜಿ ಎತ್ತಿಕೊಂಡರೆ ಕೈ ನಡುಗುತ್ತದೆ, ಚರ್ಮಕ್ಕೆ ತಾಗಿದ ಕೂಡಲೇ ನಿಂತುಬಿಡುತ್ತದೆ. ರಬ್ಬರ್ ಕೈ ಅವಳನ್ನು ಮೊದಲ ದಿನವೇ ಕೆಂಪು ದೀಪ ಹಾಕಿ ಮನೆಗೆ ಕಳಿಸುತ್ತಿತ್ತು. ನನ್ನ ಹತ್ತಿರ ಅವಳೇ ಮೊದಲನೆಯವಳು.

ಅಕ್ಕ

ಜನವರಿ 21

ಅಕ್ಕಾ,

ಕಾಗದ ಬಂತು. ಮೊದಲ ಎರಡು ಸಾಲು ಓದಿದೆ. ಮೊಣಕಾಲಿಗೆ ಬಿಸಿ ನೀರಿನ ಚೀಲ ಇಟ್ಟುಕೋ. ಉಳಿದದ್ದನ್ನು ಓದಲಿಲ್ಲ. ಟ್ರಯಲ್ ಮಾತು ಶುರುವಾಯಿತು ಎಂದು ಕಂಡ ಕೂಡಲೇ ಹಾಳೆ ಮಡಚಿ, ನಾಲ್ಕು ಕಡೆ ಸ್ಟೇಪಲ್ ಹೊಡೆದು ಡ್ರಾಯರಿಗೆ ಹಾಕಿದೆ.

ಟ್ರಯಲ್ ಎಂದರೆ ಏನು ಎಂದು ನಿಮ್ಮ ಕಡೆ ಯಾರಿಗೂ ಗೊತ್ತಿಲ್ಲವೇ? ನನ್ನ ಮೇಜಿಗೆ ಬರುವ ಫಾರಂಗಳಲ್ಲಿ ಆಸ್ಪತ್ರೆಯ ಹೆಸರನ್ನು ಕತ್ತರಿಸಿರುತ್ತಾರೆ. ಒಂದು ಕಟ್ಟಿನ ಮೇಲೆ 'ಎ', ಇನ್ನೊಂದರ ಮೇಲೆ 'ಬಿ', ಅಷ್ಟೇ. ಯಾವುದು ಯಾರದು ಎಂದು ನನಗೆ ತಿಳಿಯಕೂಡದು. ತಿಳಿದರೆ ಕಣ್ಣು ಒಂದು ಕಡೆ ವಾಲುತ್ತದೆ. ಕಲಿಸುವವರಲ್ಲಿ ಒಬ್ಬಳು ನನ್ನ ಅಕ್ಕ ಎಂದು ಮೊದಲ ದಿನವೇ ಸಮಿತಿಗೆ ಬರೆದುಕೊಟ್ಟಿದ್ದೇನೆ. "ಅವರ ಹತ್ತಿರ ಇದರ ಮಾತು ಎತ್ತಬೇಡಿ, ಅವರು ಎತ್ತಿದರೆ ಕೇಳಿಸ್ಕೋಬೇಡಿ," ಅಂದರು. ಆಗಲಿ ಅಂದಿದ್ದೇನೆ.

ಅಲ್ಲದೆ ನಿಮ್ಮ ವಾರ್ಡಿನ ಪುರಾಣವನ್ನು ನಾನು ಕಾಲೇಜಿನಲ್ಲಿದ್ದಾಗಿನಿಂದ ಕೇಳಿದ್ದೇನೆ. ಆ ಮಗು ಅತ್ತಿತು, ಈ ಮಗು ನಕ್ಕಿತು, ಇನ್ನೊಂದು ನಿನ್ನ ಸೆರಗು ಹಿಡಿದುಕೊಂಡಿತು. ಅದನ್ನೆಲ್ಲ ಕೂಡಿಸಿ ಭಾಗಿಸಲು ಬರುವುದಿಲ್ಲ ಅಕ್ಕಾ. ಸಂಖ್ಯೆ ಕೊಡು, ನಂಬುತ್ತೇನೆ.

ನಿನ್ನ ಸೊಸೆಗೆ ಎಂಟು ತುಂಬಿತು. ಹುಟ್ಟಿದ ದಿನ ಅತ್ತ ರಾಗ ಕೇಳಿ ಪಿಟೀಲು ಎಂದು ನೀನಿಟ್ಟ ಹೆಸರೇ ಮನೆಯಲ್ಲಿ ನಿಂತುಬಿಟ್ಟಿದೆ. ಈಗ ಅಳುವುದು ಕಡಿಮೆ, ಎಣಿಸುವುದು ಜಾಸ್ತಿ. ಮೆಟ್ಟಿಲು, ಅಂಗಿಯ ಗುಂಡಿ, ಅವರಮ್ಮನ ಆಕಳಿಕೆ, ಎಲ್ಲವನ್ನೂ ಎಣಿಸುತ್ತಾಳೆ. ನನ್ನ ಮಗಳಲ್ಲವೇ.

ತಮ್ಮ

ಫೆಬ್ರವರಿ 6

ಸ್ಟೇಪಲ್ ಸಾಹೇಬರಿಗೆ,

ಎರಡು ವರ್ಷದ ಮಗುವಾಗಿದ್ದಾಗ ಕಾಗದ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಈಗ ಸ್ಟೇಪಲ್ ಹೊಡೆಯುತ್ತೀಯ. ಓದಿ ದೊಡ್ಡವನಾದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ನನಗೇ ನಗು ಬರುತ್ತದೆ. ಆಗಲಿ, ಇನ್ನು ಮೇಲೆ ಟ್ರಯಲ್ ಮಾತನ್ನೆಲ್ಲ ಗೆರೆ ಎಳೆದು ಅದರ ಕೆಳಗೆ ಬರೆಯುತ್ತೇನೆ. ಗೆರೆಯ ಕೆಳಗಿನದನ್ನು ನೀನು ಸ್ಟೇಪಲ್ ಆದರೂ ಹೊಡಿ, ಮೊಳೆಯಾದರೂ ಹೊಡಿ. ನನಗೆ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ, ಹಾಗಾಗಿ ಬರೆಯುತ್ತೇನೆ.

ಪಿಟೀಲಿಗೆ ಹಳದಿ ಉಣ್ಣೆಯ ಟೋಪಿ ಹೆಣೆದು ಕಳಿಸಿದ್ದೇನೆ. ಹೊಲಿಗೆ ಎಷ್ಟು ಎಂದು ಎಣಿಸಲು ಹೇಳು.

———

ಹುಡುಗಿಯರಿಗೆ ಮೊದಲ ಪಾಠ ಮುಗಿಯಿತು. ಸೂಜಿಯದಲ್ಲ, ಪೆನ್ನಿನದು. ನನ್ನ ವಾರ್ಡಿನಲ್ಲಿ ಚುಚ್ಚಿದವಳು ಬರೆಯುವ ಹಾಗಿಲ್ಲ. ಮಗುವಿನ ಕೈ ಹಿಡಿದುಕೊಂಡವಳೇ ಎಷ್ಟು ಸಲ ಎಂದು ಬರೆಯಬೇಕು, ಚುಚ್ಚಿದವಳು ಕೆಳಗೆ ಸಹಿ ಮಾತ್ರ ಹಾಕಬೇಕು. ಒಬ್ಬಳಿಗೆ ಸಿಗದೆ ಇನ್ನೊಬ್ಬಳು ಬಂದರೆ ಲೆಕ್ಕ ಮುಂದುವರಿಯಬೇಕು, ಮತ್ತೆ ಒಂದರಿಂದ ಶುರುವಲ್ಲ. ಯಾಕೆಂದರೆ ಮಗು ಒಂದೇ.

ಇದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ಕೆಲಸಕ್ಕೆ ಸೇರಿದ ವರ್ಷ ಒಂದು ಹೆಣ್ಣುಮಗುವಿಗೆ ಸೂಜಿ ಹಾಕಿ, ಒಂದೇ ಸಲಕ್ಕೆ ಸಿಕ್ಕಿತು ಎಂದು ಬರೆದೆ. ಆ ಗಳಿಗೆಯಲ್ಲಿ ನಿಜವಾಗಿಯೂ ಹಾಗೇ ಅನ್ನಿಸಿತ್ತು ನೋಡು, ಸಿಕ್ಕಿದ ಖುಷಿಗೆ ಸಿಗದ್ದೆಲ್ಲ ಮರೆತೇ ಹೋಗುತ್ತದೆ. ಮಗುವನ್ನು ಹಿಡಿದು ಕೂತಿದ್ದ ಅದರ ಅಪ್ಪ ನಾಲ್ಕು ಬೆರಳು ಎತ್ತಿ ತೋರಿಸಿದ. ಅವತ್ತಿನಿಂದ ನಾನು ಚುಚ್ಚಿದ್ದರ ಲೆಕ್ಕಕ್ಕೆ ನಾನೇ ಪೆನ್ನು ಹಿಡಿದಿಲ್ಲ.

ಹೀಗಾಗಿ ನಮ್ಮ ಫಾರಂಗಳಲ್ಲಿ ಎರಡು, ಮೂರು ಎಂದು ಬೇಕಾದಷ್ಟಿದೆ. ಇರಲಿ. ಮಕ್ಕಳ ನರ ಏನು ನಲ್ಲಿಯ ಪೈಪೇ?

ಅಕ್ಕ

ಮಾರ್ಚ್ 14

ಅಕ್ಕಾ,

ಗೆರೆಯ ಕೆಳಗಿನದಕ್ಕೆ ಸ್ಟೇಪಲ್ ಬಿತ್ತು. ಟೋಪಿಯಲ್ಲಿ ಸಾವಿರದ ನೂರ ಹದಿನಾರು ಹೊಲಿಗೆ ಇದೆಯಂತೆ. ಒಂದು ಬಿಟ್ಟುಹೋಗಿದೆಯಂತೆ.

ನಾನು ಏನೂ ಹೇಳಕೂಡದು, ಆದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ವಿವರ ಕೇಳಬೇಡ. ಒಂದು ಗುಂಪಿನ ಫಾರಂಗಳು ಮುತ್ತು ಪೋಣಿಸಿದ ಹಾಗಿವೆ. ಇನ್ನೊಂದನ್ನು ನೋಡಿದರೆ ವಾಂತಿ ಬರುತ್ತದೆ. ಕೈಲಾಗದವರು ಸರಿಯೇ, ಜಗತ್ತಿನಲ್ಲಿ ಕೈಲಾಗದವರೇ ಹೆಚ್ಚು. ಆದರೆ ಇವರು ಅಷ್ಟಕ್ಕೇ ನಿಂತಿಲ್ಲ. ಫಾರಂಗಳ ಮೇಲೆ ಯಾರೋ ಕೈಯಾಡಿಸುತ್ತಿದ್ದಾರೆ. ಒಂದಲ್ಲ ಎರಡಲ್ಲ, ಎಲ್ಲದರ ಮೇಲೂ. ತಿದ್ದಿದ ಮೇಲೂ ಅಂಕಿ ಇಷ್ಟು ಕೆಟ್ಟದಾಗಿದ್ದರೆ ನಿಜ ಎಷ್ಟು ಕೆಟ್ಟದಿರಬೇಕು, ಯೋಚಿಸು. ಕಳ್ಳತನಕ್ಕೂ ಒಂದು ಯೋಗ್ಯತೆ ಬೇಕು.

ಇದು ನಿನ್ನ ಗುಂಪೋ ಎಂಬ ಪ್ರಶ್ನೆಯೇ ನನ್ನ ತಲೆಯಲ್ಲಿ ಇಲ್ಲ. ಎರಡನೇ ಕ್ಲಾಸಿನಲ್ಲಿ ಮಗ್ಗಿ ಬರೆಯುವಾಗ ಒಂದೇ ಒಂದು ಅಂಕಿ ಅಳಿಸಿ ತಿದ್ದಿದ್ದಕ್ಕೆ ನನ್ನ ಕೈಲಿ ಇಡೀ ಪುಟ ಮತ್ತೆ ಬರೆಸಿದವಳು ನೀನು. ನಿನ್ನ ಕೈಕೆಳಗೆ ಇಂಥ ಕೊಳಕು ನಡೆಯಲು ಸಾಧ್ಯವೇ? ಹಾಗಾಗಿ ನಿನ್ನ ಹತ್ತಿರ ಹೇಳುತ್ತಿದ್ದೇನೆ. ಸಮಿತಿಗೆ ಬರೆಯಲೋ ಬೇಡವೋ ಎಂದು ಒಂದು ವಾರದಿಂದ ಒದ್ದಾಡುತ್ತಿದ್ದೇನೆ. ಬರೆದರೆ ಯಾರದೋ ಕೆಲಸಕ್ಕೆ ಕುತ್ತು.

ತಮ್ಮ

ಮಾರ್ಚ್ 22

ತಮ್ಮಾ,

ಈ ಕಾಗದದಲ್ಲಿ ಗೆರೆ ಇಲ್ಲ. ಶುರು ಮಾಡಿದವನು ನೀನು, ಹಾಗಾಗಿ ಓದಲೇಬೇಕು.

ನನಗೆ ಗೊತ್ತಿತ್ತು! ಅಯ್ಯೋ, ನನಗೆ ಮೊದಲೇ ಗೊತ್ತಿತ್ತು ಕಣೋ! ಅಂಗಡಿಯಲ್ಲಿ ಸಿಕ್ಕಿದ ಕೈ ಮೇಲೆ ಕಲಿತವರಿಗೆ ನಿಜವಾದ ಮಗು ಒದ್ದರೆ ಏನಾಗುತ್ತದೆ? ಸಿಗುವುದಿಲ್ಲ. ಸಿಗದಿದ್ದರೆ ಏನು ಮಾಡುತ್ತಾರೆ? ತಿದ್ದುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ಅಷ್ಟೂ ಅನ್ನದೆ ನೆಲವನ್ನೇ ತಿದ್ದಿದ್ದಾರೆ. ಇಸ್ತ್ರಿ ಡಾಕ್ಟರ ಮುಖ ನೋಡಬೇಕು ನನಗೆ ಆ ದಿನ. ಕೋಟಿನ ಮಡಿಕೆ ಬಿಚ್ಚಿಹೋಗಬೇಕು.

ಒದ್ದಾಡುವುದೇನು ಬಂತು? ಯಾರದೋ ಕೆಲಸ ಹೋದರೆ ಹೋಗಲಿ. ಮಕ್ಕಳ ಕೈ ತೂತು ಮಾಡಿ ಸುಳ್ಳು ಬರೆದವರಿಗೆ ಕೆಲಸ ಬೇರೆ ಕೇಡು. ಯಾರು, ಏನು, ಯಾಕೆ ಎಂದು ಹುಡುಕುತ್ತಾ ಕೂರಬೇಡ. ಮುಖ ನೋಡಬೇಡ, ಬರೆ. ನಾನು ಸಾಕಿದ ತಮ್ಮ ಹೆದರಿಕೊಂಡು ಕೂತ ಅಂತ ಆಗಬಾರದು.

ಗಡಗಡ ನಿನ್ನೆ ಆರು ತಿಂಗಳ ಕೂಸಿಗೆ ಒಂದೇ ಸಲಕ್ಕೆ ಹಾಕಿದಳು. ಹಾಕಿದ ಮೇಲೆ ಕೂತು ಅತ್ತಳು.

ಅಕ್ಕ

ಏಪ್ರಿಲ್ 2

ಅಕ್ಕಾ,

ಬರೆದೆ. ಎರಡು ಪುಟ, ನನ್ನ ಕೈಯಲ್ಲೇ, ಟೈಪಿಸ್ಟಿಗೂ ಕೊಡದೆ. 'ಬಿ ಗುಂಪಿನ ದಾಖಲೆಗಳು ನಂಬಲು ಅರ್ಹವಲ್ಲ, ಕಲಿಸಿದವರ ಮೇಲ್ವಿಚಾರಣೆಯಲ್ಲೇ ಇದು ನಡೆದಿರುವಂತಿದೆ' ಎಂದು ಕೊನೆಯ ಸಾಲು. ನಿನ್ನ ಕಾಗದ ಬರದಿದ್ದರೆ ಧೈರ್ಯ ಬರುತ್ತಿರಲಿಲ್ಲ.

ತಮ್ಮ

ಏಪ್ರಿಲ್ 30

ತಮ್ಮಾ,

ಚೆನ್ನಾಗಿದ್ದೇನೆ. ಮೊಣಕಾಲಿಗೆ ಒಳ್ಳೆಯದು ಎಂದು ಕೆಲಸ ಬದಲಾಯಿಸಿದ್ದಾರೆ. ಈಗ ಬಟ್ಟೆ ಉಗ್ರಾಣದಲ್ಲಿ ಕೂತು ಬೆಡ್‌ಶೀಟ್ ಎಣಿಸುತ್ತೇನೆ. ಇನ್ನೂರ ನಲವತ್ತು ಒಗೆಯಲು ಹೋದರೆ ಇನ್ನೂರ ಮೂವತ್ತೊಂಬತ್ತು ಬರುತ್ತವೆ. ಪಿಟೀಲಿಗೆ ಮುತ್ತು.

ಅಕ್ಕ

ಮೇ 11

ಅಕ್ಕಾ,

ಅಂತೂ ನಿನಗೆ ವಿಶ್ರಾಂತಿ ಕೊಡುವ ಬುದ್ಧಿ ಅವರಿಗೆ ಬಂತಲ್ಲ! ನಿನ್ನ ಕಾಗದ ಓದಿ ನಿಜಕ್ಕೂ ಖುಷಿಯಾಯಿತು. ಕೂತು ಮಾಡುವ ಕೆಲಸ, ಅಳುವ ಮಕ್ಕಳಿಲ್ಲ, ಎಣಿಸುವುದು ಮಾತ್ರ. ಈಗ ನೀನೂ ನನ್ನ ಕಸುಬಿಗೆ ಬಂದೆ. ಈ ಸಲ ಪುರಾಣವೂ ಇರಲಿಲ್ಲ, ಸ್ಟೇಪಲ್ ಪಿನ್ನು ಉಳಿಯಿತು.

ಇಲ್ಲಿ ನನ್ನ ಮಾತು ನಡೆಯಿತು. 'ಎ' ಗುಂಪಿನಲ್ಲಿ ಮೊದಲ ಚುಚ್ಚಿಗೇ ನರ ಸಿಕ್ಕಿದ್ದು ನೂರಕ್ಕೆ ತೊಂಬತ್ತೊಂದು. 'ಬಿ'ಯಲ್ಲಿ ಅರವತ್ತಮೂರು, ಅದೂ ನಂಬಿಕೆಗೆ ಅರ್ಹವಲ್ಲದ ಅರವತ್ತಮೂರು. ಯಾವುದು ಯಾರದು ಎಂಬ ಲಕೋಟೆಯನ್ನು ನನಗೆ ಇನ್ನೂ ತೋರಿಸಿಲ್ಲ, ಸಮಿತಿಯವರು ಮಾತ್ರ ಒಡೆದು ನೋಡಿ ವಿಚಾರಣೆ ಮಾಡಿದ್ದಾರೆ. 'ಬಿ'ಗೆ ಕಲಿಸಿದ ಮಹಾನುಭಾವರನ್ನು ಕಲಿಸುವ ಕೆಲಸದಿಂದ ತೆಗೆದರಂತೆ. ಎಲ್ಲಿಗಾದರೂ ಹಾಕಿರಲಿ, ಇನ್ನೊಂದು ಮಗುವಿನ ಹತ್ತಿರ ಹೋಗದಿದ್ದರೆ ಸಾಕು.

ನಿನ್ನ ಗುಂಪೇ ಗೆದ್ದಿರಬೇಕು ಎಂದು ಮನಸ್ಸು ಹೇಳುತ್ತದೆ. ಹೇಳಬಾರದು, ಆದರೂ ಹೇಳುತ್ತದೆ.

ತಮ್ಮ

ಜೂನ್ 19

ಅಕ್ಕಾ,

ಐದು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಯಾಕೆ ಎಂದು ಮೊನ್ನೆಯವರೆಗೆ ಅರ್ಥವಾಗಿರಲಿಲ್ಲ. ಮೊನ್ನೆಯದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಬೈಯುವುದು ಆಮೇಲೆ ಬೈ.

ಪಿಟೀಲಿಗೆ ಬೆಳಗಿನಿಂದ ವಾಂತಿ. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ, ಕಣ್ಣು ಗುಳಿ ಬಿದ್ದವು. ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಮಕ್ಕಳ ವಾರ್ಡಿನಲ್ಲಿ "ಡ್ರಿಪ್ ಹಾಕ್ಬೇಕು, ಅಪ್ಪ ಕೈ ಹಿಡ್ಕೊಳ್ಳಿ," ಅಂದರು. ಹಿಡಿದುಕೊಂಡೆ. ಮೊದಲನೆಯವಳಿಗೆ ಸಿಗಲಿಲ್ಲ. ಸಾರಿ ಅಂದಳು, ಇನ್ನೊಂದು ಸಲ ನೋಡಿದಳು, ಹೋದಳು. ಎರಡನೆಯವಳು ಬಂದಳು. ಅವಳೂ ಆ ಕೈ ಬಿಟ್ಟು ಈ ಕೈ, ಈ ಕೈ ಬಿಟ್ಟು ಕಾಲು. ಪಿಟೀಲು ಅಳುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡತೊಡಗಿದಳು. ಅದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ ಅಕ್ಕಾ. ಮೂರನೆಯವಳು ಬಂದು ಒಂದೇ ಸಲಕ್ಕೆ ಹಾಕಿದಳು. ಹಾಕಿ, ಮಂಚದ ತುದಿಯಲ್ಲಿದ್ದ ಫಾರಂ ಎತ್ತಿಕೊಂಡು ಬರೆದಳು. ನಾನೇ ಗೆರೆ ಎಳೆದು ಮಾಡಿದ ಫಾರಂ. 'ಎಷ್ಟು ಸಲ' ಎಂಬಲ್ಲಿ ಒಂದು ಎಂದು ಬರೆದು ತಾನೇ ಸಹಿ ಹಾಕಿದಳು. ಮುತ್ತಿನಂಥ ಅಕ್ಷರ.

"ಒಂದು ಅಂತ ಬರ್ದಿದ್ದೀರಲ್ಲ ಸಿಸ್ಟರ್?"

"ನಾನು ಚುಚ್ಚಿದ್ದು ಒಂದೇ ಅಲ್ವಾ ಸರ್."

"ಅವರಿಬ್ಬರದು?"

"ಅವರಿಗೆ ಸಿಗ್ಲಿಲ್ಲವಲ್ಲ ಸರ್. ಹಸಿರು ದೀಪ ಬಂದವರು ಮಾತ್ರ ಬರೀಬೇಕು ಅಂತ ಕ್ಲಾಸಲ್ಲಿ ಹೇಳಿಕೊಟ್ಟಿದ್ದಾರೆ." ಬಾಯಿ ತಪ್ಪಿ ದೀಪ ಅಂದಳು, ನಾಲಿಗೆ ಕಚ್ಚಿಕೊಂಡು ನಕ್ಕಳು. ಸುಳ್ಳು ಹೇಳುವ ಹುಡುಗಿಯಲ್ಲ. ಯಾರೂ ಸುಳ್ಳು ಬರೆದಿರಲಿಲ್ಲ. ತೊಂಬತ್ತೊಂದು ಬಂದದ್ದು ಹೀಗೆ.

ಮರುದಿನ ಮಗು ಗಂಜಿ ಕುಡಿದ ಮೇಲೆ ಮನೆಗೆ ಬಂದು ಡ್ರಾಯರ್ ಎಳೆದೆ. ಉಗುರಿನಿಂದಲೇ ಪಿನ್ನು ಕಿತ್ತೆ. ನಲವತ್ತು ಜನ, ಚೀಟಿ, ನಗರದ ದೊಡ್ಡ ಆಸ್ಪತ್ರೆ, ಎಲ್ಲ ಅಲ್ಲೇ ಇತ್ತು. ಗೆರೆಯ ಕೆಳಗೆ ಹಿಡಿದವಳು ಬರೆಯಬೇಕು ಎಂಬುದೂ ಇತ್ತು. 'ಬಿ' ಕಟ್ಟಿನ ಎಲ್ಲ ಫಾರಂಗಳಲ್ಲೂ ಅಂಕಿ ಒಬ್ಬರ ಕೈಬರಹ, ಸಹಿ ಇನ್ನೊಬ್ಬರ ಕೈಬರಹ. ಅದನ್ನೇ ನಾನು ತಿದ್ದಿದ್ದು ಅಂದುಕೊಂಡದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವನ ಗಾದೆ ಹೇಳಿ ನಾನು ಎಷ್ಟು ಜನರನ್ನು ಗೇಲಿ ಮಾಡಿದ್ದೇನೆ. ಈಗ ಆ ಎತ್ತನ್ನು ಕಟ್ಟಿದವನು ನಾನೇ. ಎಂ.ಎಸ್ಸಿ. ಬೇರೆ.

ಕ್ಷಮಿಸು ಅಕ್ಕಾ. ಬೆಡ್‌ಶೀಟ್ ಎಣಿಸುವ ಹಾಗೆ ನಿನ್ನನ್ನು ಮಾಡಿದವನು ನಾನು. ಕ್ಷಮಿಸು. ತಪ್ಪು ಮಾಡಿದ್ದು ಒಂದೇ, ಆದರೆ ದೊಡ್ಡದನ್ನೇ ಮಾಡಿದೆ. ಮಗಳ ಫಾರಂ ಒಂದನ್ನು ನಾನೇ ಹೊಸದಾಗಿ ತುಂಬಿ ಇದರ ಜೊತೆ ಇಟ್ಟಿದ್ದೇನೆ. ಹಿಡಿದವನು: ಅಪ್ಪ. ಎಷ್ಟು ಸಲ: ಆರು.

ತಮ್ಮ

ಅತ್ತೆ, ಆರಲ್ಲ ಏಳು. ಫಸ್ಟಿನ ಅಕ್ಕ ಮೂರು, ಆಮೇಲಿನ ಅಕ್ಕ ಮೂರು, ಕೊನೆ ಅಕ್ಕ ಒಂದು. ಮೊದಲನೇದಕ್ಕೆ ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಪಿಟೀಲು.

ಜುಲೈ 1

ತಮ್ಮಾ,

ಪಿಟೀಲು ಹೇಗಿದ್ದಾಳೆ? ನೀರು ಕುಡಿಯುತ್ತಿದ್ದಾಳಾ? ಅದನ್ನು ಮೊದಲು ಬರೆ. ಏಳು ಎಂದು ನಾನು ನಂಬಿದೆ ಎಂದು ಅವಳಿಗೆ ಹೇಳು. ನಿನ್ನ ಆರನ್ನು ನಂಬಲಿಲ್ಲ. ಹಲ್ಲಿ ಬಿದ್ದರೆ ಕಣ್ಣು ಮುಚ್ಚಿಕೊಳ್ಳುವ ಗಂಡಸು ನೀನು.

ಕ್ಷಮಿಸು ಎಂಬ ಪದ ಎರಡು ಸಲ ಇದೆ ನಿನ್ನ ಕಾಗದದಲ್ಲಿ. ಎರಡನ್ನೂ ಮೈಲಿಗೆ ಬಟ್ಟೆಯ ಗಂಟಿಗೆ ಹಾಕಿದ್ದೇನೆ, ಒಗೆದು ಬಂದ ಮೇಲೆ ನೋಡೋಣ.

ವಿಚಾರಣೆಗೆ ಮೂವರು ಬಂದಿದ್ದರು. ನಡುವೆ ಇಸ್ತ್ರಿ ಡಾಕ್ಟರು. ಮೇಜಿನ ಮೇಲೆ ನಿನ್ನ ಎರಡು ಪುಟ. ದೂರದಿಂದಲೇ ಗೊತ್ತಾಯಿತು, ಆ 'ಗ'ಕಾರದ ತಲೆಕಟ್ಟನ್ನು ನಾನೇ ತಾನೇ ಕೈ ಹಿಡಿದು ತಿದ್ದಿಸಿದ್ದು. ಗಡಗಡಳನ್ನು ಕರೆದು "ಇದು ಯಾರ ಬರಹ?" ಅಂದರು. "ಹಿಡಿದವರದು ಸರ್," ಅಂದಳು. "ಯಾರು ತಿದ್ದಿದ್ದು ಅಂತ ಕೇಳಿದ್ದು!" "ಹಿಡಿದವರು ಬರೆದದ್ದು ಸರ್, ನಾವು ಹಾಗೇ." ಮೂರು ಸಲ ಹೇಳಿದಳು ಪಾಪ, ನಡುಗದೆ. ಅವರು ಒಂದು ಸಲವೂ ಬರೆದುಕೊಳ್ಳಲಿಲ್ಲ. ಅವರ ಪ್ರಶ್ನೆಯ ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟರೆ ನಾವಿಬ್ಬರೂ ಕಾಗದದಲ್ಲಿ ಟ್ರಯಲ್ ಮಾತು ಆಡಿದ್ದು ಹೊರಗೆ ಬರುತ್ತಿತ್ತು, ಅಕ್ಕನೇ ಬರೆಸಿದಳೋ ಏನೋ ಅನ್ನುತ್ತಿದ್ದರು.

ಈಗ ನನ್ನ ಇಪ್ಪತ್ತು ಹುಡುಗಿಯರು ದಿನಾ ರಬ್ಬರ್ ಕೈ ಮುಂದೆ ಕೂತು ಹೊಸದಾಗಿ ಕಲಿಯುತ್ತಿದ್ದಾರೆ. ಸಂಜೆ ಆ ಕೈಯನ್ನು ಇಡಲು ನನ್ನ ಉಗ್ರಾಣಕ್ಕೇ ತರುತ್ತಾರೆ. ಅದರ ಮೇಲೊಂದು ಹರಿದ ಬೆಡ್‌ಶೀಟ್ ಹೊದಿಸಿ ಇಡುತ್ತೇನೆ, ಅದರ ಮುಖ, ಮುಖ ಎಲ್ಲಿದೆ, ಅದರ ಬೆರಳು ನೋಡಲು ಆಗುವುದಿಲ್ಲ ನನಗೆ.

ನಿನ್ನ ಅಳುಮುಂಜಿ ಕಾಗದ ನನಗೆ ಬೇಡ. ಸಂಖ್ಯೆ ಕೊಡು ನಂಬುತ್ತೇನೆ ಅಂದಿದ್ದೆಯಲ್ಲ? ಒಂದೇ ಒಂದು ವಾರ ಎರಡೂ ಕಡೆ ಹಿಡಿದವರು ಬರೆಯಲಿ. ಆ ಸಂಖ್ಯೆ ತಂದು ಕೊಡು. ಅಲ್ಲಿಯವರೆಗೆ ನನಗೆ ಬರೆಯಬೇಡ. ಪಿಟೀಲು ಬರೆಯಬಹುದು.

ಅಕ್ಕ

ಆಗಸ್ಟ್ 24

ಅಕ್ಕಾ,

ಸಂಖ್ಯೆ ತಂದಿದ್ದೇನೆ.

ಸಮಿತಿಯವರು ಮೊದಲು ಕೇಳಲಿಲ್ಲ. "ಲೆಕ್ಕ ಹಾಕೋರು ಲೆಕ್ಕ ಹಾಕಿ, ವಾರ್ಡ್ ನಡೆಸೋದು ನಮಗೆ ಬಿಡಿ," ಅಂದರು. ಹಾಗಾದರೆ ವರದಿಗೆ ನನ್ನ ಸಹಿ ಇಲ್ಲ ಅಂದೆ. ಲೆಕ್ಕದವನ ಸಹಿ ಇಲ್ಲದೆ ಅದು ಅಚ್ಚಾಗುವುದಿಲ್ಲ. ಹದಿನೈದು ದಿನ ಮುಖ ಗಂಟು ಹಾಕಿಕೊಂಡಿದ್ದು, ಕೊನೆಗೆ ಒಂದು ವಾರ ಒಪ್ಪಿದರು. ನಿನ್ನ ಇಪ್ಪತ್ತು ಜನರನ್ನೂ ಅದಕ್ಕಾಗಿ ವಾರ್ಡಿಗೆ ಬಿಟ್ಟರು, ನಿನಗೆ ಗೊತ್ತಿರುತ್ತದೆ. ಎರಡೂ ಕಡೆ ಹಿಡಿದವರೇ ಬರೆದರು. ತೊಂಬತ್ತೊಂದು ಇದ್ದದ್ದು ನಲವತ್ತಕ್ಕೆ ಇಳಿಯಿತು. ನಿನ್ನದು ಮೊದಲು ಅರವತ್ತಮೂರು, ಈಗ ಅರವತ್ತೆರಡು. ಸಮಿತಿಯ ಮುಂದೆ ಎದ್ದು ನಿಂತು ಓದಿದೆ. ನನ್ನ ದೂರು ತಪ್ಪು, ಬಿ ಗುಂಪಿನಷ್ಟು ಶುದ್ಧವಾದ ದಾಖಲೆ ನಾನು ಕಂಡಿಲ್ಲ ಎಂದು ಬರೆದುಕೊಟ್ಟೆ.

ಇಸ್ತ್ರಿ ಡಾಕ್ಟರ ಕೋಟು ಸುಕ್ಕಾಯಿತೇ ಎಂದು ಕೇಳುತ್ತೀಯ. ಇಲ್ಲ ಅಕ್ಕಾ. "ಬಹಳ ಕುತೂಹಲಕರ," ಅಂದರು. ಮೂರನೇ ವಾರಕ್ಕೆ ಸುತ್ತೋಲೆ ಬಂತು. 'ಸಹಾಯಕ ದಾಖಲಾ ವಿಧಾನ' ಎಂಬ ಹೊಸ ಪದ್ಧತಿಯನ್ನು ಅವರು ಕಂಡುಹಿಡಿದಿದ್ದಾರಂತೆ. ಅಂದರೆ ಹಿಡಿದವಳು ಬರೆಯುವುದು. ನಿನ್ನ ಮಾತೇ ಇಲ್ಲ ಅದರಲ್ಲಿ. ನಿನ್ನ ಕೋಣೆಯ ಬೀಗ ತೆಗೆಯುತ್ತಾರೆ, ಹುಡುಗಿಯರು ವಾಪಸು ನಿನ್ನ ಹತ್ತಿರ. ಆದರೆ ಕಲಿಸುವವರೆಲ್ಲ ಮೊದಲು ಇಲ್ಲಿಗೆ ಬಂದು ಎರಡು ದಿನ ಆ ವಿಧಾನದ ತರಬೇತಿ ಪಡೆಯಬೇಕು. ನಿನಗೂ ಕಡ್ಡಾಯ. ಹೇಳಿಕೊಡುವವರು ಇಸ್ತ್ರಿ ಡಾಕ್ಟರು. ನೀನು ಹೂಂ ಅಂದರೆ ಇದರ ಮೇಲೂ ಎರಡು ಪುಟ ಬರೆಯುತ್ತೇನೆ.

ನನ್ನನ್ನು ಟ್ರಯಲ್‌ನಿಂದ ಬಿಡುಗಡೆ ಮಾಡಿದ್ದಾರೆ. ಒಳ್ಳೆಯದಾಯಿತು. ಅಕ್ಕಾ, ಒಂದು ತಪ್ಪು ಮಾಡಿದೆ, ಕೈಲಾದಷ್ಟು ಸರಿ ಮಾಡಿದ್ದೇನೆ. ಕ್ಷಮಿಸಿದೆ ಎಂದು ಒಂದು ಸಾಲು ಬರೆಯಬಾರದೇ?

ತಮ್ಮ

ಸೆಪ್ಟೆಂಬರ್ 3

ತಮ್ಮಾ,

ಏನೂ ಬರೆಯಬೇಡ ಆ ಇಸ್ತ್ರಿಯ ಮೇಲೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು ಇಷ್ಟು ದಿನ. ಈಗ ಮೊಸರು ಕಡೆದವನೂ ತಾನೇ ಅನ್ನುತ್ತಿದೆ. ಅನ್ನಲಿ. ತರಬೇತಿಗೆ ಬರುತ್ತೇನೆ, ಸಹಾಯಕಿ ಎಂದು ಗಡಗಡಳನ್ನೂ ಕರೆತರುತ್ತೇನೆ. ಮೊದಲ ಸಾಲಿನಲ್ಲಿ ಕೂತು ಗಡಗಡಳ ಪಕ್ಕದಲ್ಲಿ ನೋಟ್ಸ್ ಬರೆದುಕೊಳ್ಳುತ್ತೇನೆ. ಅವರು ತಪ್ಪು ಹೇಳಿದಾಗಲೆಲ್ಲ ಗಡಗಡ ಒಂದು ಗೆರೆ ಹಾಕುತ್ತಾಳೆ, ಆಗಲೇ ಮಾತಾಡಿಕೊಂಡಿದ್ದೇವೆ. ಕೋಣೆಯ ಬೀಗದ ಕೈ ನಿನ್ನೆ ನನ್ನ ಕೈಗೆ ಬಂತು. ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅತ್ತದ್ದು ಕಂಡಿತೋ ಏನೋ.

ಈಗ ನಿನ್ನ ಒಂದರ ವಿಷಯ.

ಎರಡು ಕಾಗದದಲ್ಲೂ ತಪ್ಪು ಒಂದೇ ಎಂದು ಬರೆದಿದ್ದೀಯ. ನಿನ್ನದೂ ಹಸಿರು ದೀಪದ ಲೆಕ್ಕವೇ. ಚುಚ್ಚಿದವನ ಲೆಕ್ಕ ನಾನು ಒಪ್ಪುವವಳಲ್ಲ. ನಾನು ಎಣಿಸುತ್ತೇನೆ, ಕೇಳು. ಅಕ್ಕನ ಕಾಗದಕ್ಕೆ ಸ್ಟೇಪಲ್ ಹೊಡೆದೆ, ಒಂದು. ನಿಯಮ ಅನ್ನುತ್ತೀಯ, ನಿಯಮ ಸರಿ, ಆದರೆ 'ಪುರಾಣ' ಅಂದೆಯಲ್ಲ, ಅದು ಯಾವ ನಿಯಮದಲ್ಲಿತ್ತು? ಎರಡು ಕೈಬರಹ ಕಂಡಾಗ ಯಾಕೆ ಹೀಗೆ ಎಂದು ಒಂದು ಸಾಲು ಕೇಳಿ ಕಳಿಸದೆ ಕಳ್ಳತನ ಅಂದೆ, ಎರಡು. ಬೆಡ್‌ಶೀಟ್ ಎಣಿಸುತ್ತಿದ್ದೇನೆ ಎಂದು ನಾನು ಬರೆದಾಗ ಖುಷಿಯಾಯಿತು ಅಂದೆ, ಮೂರು. ವಿಚಾರಣೆಯ ದಿನ ಕೂಡ ನನಗೆ ಅಳು ಬಂದಿರಲಿಲ್ಲ. ಆ ಕಾಗದ ಓದಿ ಉಗ್ರಾಣದ ಬಾಗಿಲು ಹಾಕಿಕೊಂಡೆ.

ಇನ್ನೊಂದಿದೆ. ಅದನ್ನು ನೀನು ಎಲ್ಲೂ ಎಣಿಸಿಲ್ಲ. ಮರೆತೆಯೋ, ಅಕ್ಕನಿಗೆ ನೋವಾದೀತು ಎಂದು ಬಿಟ್ಟೆಯೋ ಗೊತ್ತಿಲ್ಲ. ನಾನೂ ಐದು ತಿಂಗಳಿನಿಂದ ಬಾಯಿ ಬಿಟ್ಟಿಲ್ಲ. ಮಾರ್ಚ್ ಇಪ್ಪತ್ತೆರಡರ ನನ್ನ ಕಾಗದ ತೆಗೆದು ನೋಡು. ಅದಕ್ಕೆ ಸ್ಟೇಪಲ್ ಇಲ್ಲ. ನೀನು ಒದ್ದಾಡುತ್ತಿದ್ದೆ, ಯಾರದೋ ಕೆಲಸಕ್ಕೆ ಕುತ್ತು ಎಂದು ಹಿಂಜರಿದಿದ್ದೆ. ಯಾಕೆ ಎಂದು ಕೇಳಬೇಡ, ಮುಖ ನೋಡಬೇಡ, ಬರೆ ಎಂದು ನಿನ್ನ ಕೈಗೆ ಸೂಜಿ ಕೊಟ್ಟವಳು ನಾನು. ಆ ಸೂಜಿ ನಗರದ ಇಪ್ಪತ್ತು ಹುಡುಗಿಯರಿಗೆ ಚುಚ್ಚುತ್ತದೆ ಎಂದುಕೊಂಡು, ನಗುನಗುತ್ತಾ ಕೊಟ್ಟೆ. ಅವರಲ್ಲಿ ಒಬ್ಬಳೇ ಪಿಟೀಲಿಗೆ ಒಂದೇ ಸಲಕ್ಕೆ ಹಾಕಿ ಡ್ರಿಪ್ ಓಡಿಸಿದವಳು. ಅದು ನಾಲ್ಕನೆಯದು, ಅದು ನನ್ನದು.

ಖಾಲಿ ಫಾರಂ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ನೀನು ತುಂಬಬೇಡ, ನಾನೂ ತುಂಬುವುದಿಲ್ಲ. ನಾವಿಬ್ಬರೂ ಚುಚ್ಚಿದವರು, ಕೆಳಗೆ ಸಹಿ ಹಾಕುವುದಷ್ಟೇ ನಮ್ಮ ಕೆಲಸ. ನನ್ನ ಸಹಿ ಹಾಕಿದ್ದೇನೆ. ಪಿಟೀಲಿನ ಕೈಗೆ ಪೆನ್ನು ಕೊಟ್ಟು, ನಮ್ಮ ಎಲ್ಲ ಕಾಗದಗಳನ್ನೂ ಮೊದಲಿನಿಂದ ಅವಳಿಗೆ ಓದಿ ಹೇಳು. ಎಷ್ಟು ಎಂದು ಅವಳೇ ಬರೆಯಲಿ. ಓದುವಾಗ ಕಣ್ಣು ಮುಚ್ಚಬೇಡ.

ಹದಿನಾಲ್ಕನೇ ತಾರೀಕು ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಮನೆಯಲ್ಲೇ ಇಳಿದುಕೊಳ್ಳುವುದು.

ಅಕ್ಕ